ಮಡ್ಡಿಯ ಅಂಚಿನ ತಂತಿ

ಮೂರನೆಯ ಬಿಡಾರ ಲಗಮಣ್ಣನ ಹೊಲದಲ್ಲಿ ಆಯಿತು. ಹುಕ್ಕೇರಿ ಕಡೆ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ, ಧೂಪದಾಳದ ಕೆಸರಿನ ಬಾಜೂ ಇನ್ನೊಂದು ರಾತ್ರಿ ಕಳೆದು, ತಂದೆ ಮಗಳಿಬ್ಬರೂ ಮೋಟರ್‌ಸೈಕಲ್ಲಿಗೆ ಡೇರೆ, ಹಾಸಿಗೆ, ಸಣ್ಣದೊಂದು ಸ್ಟವ್ ಕಟ್ಟಿಕೊಂಡು ಕೌಜಲಗಿ ದಾಟಿ ಈ ಮಡ್ಡಿಯ ಬುಡಕ್ಕೆ ಬಂದಿದ್ದರು. ನೀರಿನ ಹಕ್ಕಿಗಳನ್ನು ನೋಡಿಯಾಗಿತ್ತು. ಹುಲ್ಲಿನ ಹಕ್ಕಿಗಳು ಬಾಕಿ ಇದ್ದವು.

ಮೈನೋದ್ದೀನನದು ಮೂಡಲಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪುಗಳು ಅವನ ಕೈಗೇ ಬರುತ್ತಿದ್ದವು; ಲಗಮಣ್ಣ ಅಂಥ ಹಳೆಯ ಗಿರಾಕಿಗಳಲ್ಲೊಬ್ಬ. ಹಕ್ಕಿಯ ಹುಚ್ಚು ಮಗಳು ಅಫ್ರೀನಳದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಅವಳು ದುರ್ಬೀನು ಹಿಡಿದಳು. ಒಬ್ಬಳನ್ನೇ ಕಳಿಸಲಾರದೆ ಅವಳ ಹಿಂದೆ ಹೊರಟ ಅಪ್ಪನಿಗೂ ಬರುಬರುತ್ತ ರುಚಿ ಹತ್ತಿತು. ಈಗ ಅವನೇ ಪ್ರತಿ ಚಳಿಗಾಲ ಅಂಗಡಿಗೆ ಬೀಗ ಹಾಕಿ ಹೊರಡಲು ಕಾಯುತ್ತಿದ್ದ.

ಮಡ್ಡಿಯೆಂದರೆ ಮೊಳಕಾಲುದ್ದದ ಒಣ ಹುಲ್ಲು, ನಡುನಡುವೆ ಕೆಂಪು ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಆ ಹುಲ್ಲಿಗೆ ಚಳಿಗಾಲದಲ್ಲಿ ಸೆಳೆವಗಳು ಬರುತ್ತವೆ. ಉತ್ತರದ ದೂರದ ಹುಲ್ಲುಬಯಲುಗಳಿಂದ ಹಾರಿ ಬರುವ, ಉದ್ದ ರೆಕ್ಕೆಯ ಗಿಡುಗಗಳು. ಬೇರೆ ಗಿಡುಗಗಳ ಹಾಗೆ ಅವು ಮರದಲ್ಲಿ ರಾತ್ರಿ ಕಳೆಯುವುದಿಲ್ಲ; ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಹೊತ್ತು ಮುಳುಗುವಾಗ ತಂದೆ ಮಗಳು ಬಂಡಿದಾರಿಯಲ್ಲಿ ನಿಂತು ಅವು ಇಳಿಯುವುದನ್ನು ನೋಡಿದ್ದರು. ಒಂದೊಂದೇ ಬಂದು ಹುಲ್ಲಿನಲ್ಲಿ ಮುಳುಗಿ ಹೋದವು.

"ನಸುಕಿನ್ಯಾಗ ಏಳಬೇಕು ಅಬ್ಬಾ. ಅವು ಏಳೂಕಿಂತ ಮೊದ್ಲ ಅಲ್ಲಿರಬೇಕು," ಎಂದಿದ್ದಳು ಅಫ್ರೀನ.

ಅವರು ಗೋವಿನಜೋಳದ ಹೊಲಕ್ಕೆ ಮರಳಿದಾಗ ಲಗಮಣ್ಣ ಹಳ್ಳದ ದಂಡೆಯ ಮೋಟರ್ ಖೋಲಿಯ ಮುಂದೆ ನಿಂತಿದ್ದ.

"ಮಿಸ್ತ್ರಿ, ಹೆಂಗೂ ಬಂದೀರಿ, ನಮ್ಮ ಸ್ಟಾರ್ಟರ್ ಡಬ್ಬಿ ಒಂಚೂರ ನೋಡ್ರಲಾ. ಸುಟ್ಟು ಕುಂತೈತಿ. ಗ್ವಾಂಜಾಳ ನೀರಿಲ್ಲದ ಬಾಡಾಕತ್ತೈತಿ."

"ಅನ್ನ ಹಾಕವರು ನೀವು, ಇಲ್ಲ ಅನ್ನಾಕ ಬರತೈತೇನು?" ಎಂದು ಮೈನೋದ್ದೀನ ಚೀಲ ಬಿಚ್ಚಿದ. ಲಗಮಣ್ಣ ಎಮ್ಮೆ ಕಟ್ಟಲು ಹೋದ. ಬೆಳಕು ಇಳಿಯುತ್ತಿತ್ತು. ಮೈನೋದ್ದೀನ ಸುಟ್ಟ ಕಾಯಿಲ್ ಬದಲಿಸಿದ, ಕರಿ ಹಿಡಿದ ಕಾಂಟ್ಯಾಕ್ಟುಗಳನ್ನು ಉಜ್ಜಿದ. ಈ ವಾರ ತ್ರೀ ಫೇಸ್ ಕರೆಂಟಿನ ಪಾಳಿ ಬೆಳಗಿನ ಜಾವದ್ದು. ಪಾಪ, ಇಂಥ ಥಂಡಿಯಲ್ಲಿ ಎದ್ದು ಹಳ್ಳಕ್ಕೆ ಬರಬೇಕಲ್ಲ ಅನ್ನಿಸಿ, ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರುವಾಗುವಂತೆ ಗುಂಡಿಯನ್ನು ಆಟೋಕ್ಕೆ ತಿರುಗಿಸಿ ಡಬ್ಬಿ ಮುಚ್ಚಿದ. ಊಟದ ಹೊತ್ತಿಗೆ ಹೇಳಿದರಾಯಿತು ಅಂದುಕೊಂಡ.

ಹೊಲದ ಮನೆಯಲ್ಲಿ ಊಟಕ್ಕೆ ಕೂತಾಗ ಮಾತು ಬೇರೆ ಕಡೆ ಹೋಯಿತು.

"ಅಲ್ರಿ ಮಿಸ್ತ್ರಿ, ಹಕ್ಕಿ ನೋಡಾಕ ಯಾರರೆ ಪೆಟ್ರೋಲ್ ಸುಡ್ತಾರೇನ್ರಿ? ನಮ್ಮ ಹಿತ್ತಲದಾಗ ಕೋಳಿ ಅದಾವು, ಪುಕ್ಕಟೆ ನೋಡ್ರಿ," ಎಂದ ಲಗಮಣ್ಣ.

"ಅವರು ನೋಡಿ ಬಿಡ್ತಾರ. ನೀವು ನೋಡಿದ್ರ ಕೊಯ್ದು ತಿಂತೀರಿ," ಎಂದು ಅವನ ಹೆಂಡತಿ ಅಲ್ಲವ್ವ ರೊಟ್ಟಿ ಹಾಕುತ್ತ ಅಂದಳು. "ಉಣ್ಣು ನಮ್ಮವ್ವ, ಇನ್ನೊಂದರ್ಧ ಹಾಕಿಸ್ಕೋ. ಹಕ್ಕಿ ನೋಡಿ ನೋಡಿ ನೀನೂ ಹಕ್ಕಿ ಹಂಗ ಆಗೀದಿ."

ಅಫ್ರೀನ ನಕ್ಕಳು. ನಗು ಇಳಿದ ಮೇಲೆ ಲಗಮಣ್ಣ ತಾಟಿನಲ್ಲಿಯೇ ಕಣ್ಣಿಟ್ಟು ಹೇಳಿದ:

"ತಂಗಿ, ಮಡ್ಡಿಗೆ ಹೋಗೂದಾದ್ರ ಬಂಡಿದಾರಿಲೆ ಹೋಗು. ಆ ಗ್ವಾಂಜಾಳದ ಬದುವಿನ ಕಡಿ ಹೋಗಬ್ಯಾಡ. ಹಾವು ಭಾಳ."

"ಇಂಥಾ ಚಳ್ಯಾಗ ಹಾವು ಎಲ್ಲಿ ಬರ್ತಾವು ಕಾಕಾ?"

ಅಲ್ಲವ್ವ ಗಂಡನ ಮುಖ ನೋಡಿದಳು. ಅತಿಥಿಗಳು ಡೇರೆಗೆ ಹೋದ ಮೇಲೆ ತಾಟು ಎತ್ತುತ್ತ ದನಿ ತಗ್ಗಿಸಿ ಕೇಳಿದಳು:

"ತಂತಿ ಬಿಚ್ಚೀರಿಲ್ಲೊ?"

ಗೋವಿನಜೋಳಕ್ಕೆ ಅಡವಿ ಹಂದಿ ಬೀಳುತ್ತವೆಂದು ಮಡ್ಡಿಯ ಅಂಚಿಗೆ ಲಗಮಣ್ಣ ಬರಿ ತಂತಿ ಎಳೆದಿದ್ದ. ಅದರ ತುದಿಯನ್ನು ಖೋಲಿಯ ಹಿಂದೆ, ಮೋಟರಿಗೆ ಹೋಗುವ ಕೇಬಲ್ಲಿಗೆ ಕೊಂಡಿ ಹಾಕಿದ್ದ. ಮೋಟರ್ ಓಡಿದರೆ ತಂತಿಗೂ ಜೀವ. ಇದು ಕಾಯ್ದೆಗೆ ವಿರುದ್ಧ, ಸಿಕ್ಕರೆ ಜೇಲು. ಅದಕ್ಕೇ ಹಾವಿನ ಮಾತು.

"ಮೋಟರ ಬಂದ್ ಐತಿ, ಕರೆಂಟ್ ಏನು ಆಕಾಶದಿಂದ ಬರತೈತೇನು? ಮುಂಜಾನೆ ನಾನಽ ಹೋಗಿ ಮೊದ್ಲ ಕೊಂಡಿ ತಗೀತೀನಿ, ಆಮ್ಯಾಲ ಗುಂಡಿ ಒತ್ತತೀನಿ. ಸುಮ್ನ ಮಲಕೋ," ಎಂದ ಲಗಮಣ್ಣ.

ಮೈನೋದ್ದೀನನನ್ನು ಎಬ್ಬಿಸಿದ್ದು ನೀರಿನ ಸಪ್ಪಳ. ಡೇರೆಯ ಆಚೆ ಪೈಪಿನ ಬಾಯಿಂದ ಕಲ್ಲು ಕಟ್ಟಿದ ಹೌದಿಗೆ ನೀರು ದಬದಬ ಬೀಳುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅದನ್ನು ಕೇಳಿದ. ತಾನು ರಿಪೇರಿ ಮಾಡಿದ ಮೋಟರ್ ತಾನಾಗಿ ಹತ್ತಿದ ಸಪ್ಪಳದಷ್ಟು ಸುಖದ್ದು ಅವನಿಗೆ ಇನ್ನೊಂದಿಲ್ಲ. ಆಮೇಲೆ ಕೈಚಾಚಿದ. ಮಗಳ ಹಾಸಿಗೆ ತಣ್ಣಗಿತ್ತು. ಅಪ್ಪನ ನಿದ್ದೆ ಕೆಡಿಸುವುದು ಬೇಡವೆಂದು ಒಬ್ಬಳೇ ಹೋಗಿದ್ದಾಳೆ ಅಂದುಕೊಂಡು ಹೊರಗೆ ಬಂದ. ಮಂಜು ಕವಿದಿತ್ತು. ಹತ್ತು ಮಾರು ಆಚೆಯದು ಕಾಣುತ್ತಿರಲಿಲ್ಲ.

ಮಂಜಿನೊಳಗಿಂದ ಅಲ್ಲವ್ವನ ದನಿ ಬಂತು. "ಏನ್ರಿ! ಏಳ್ರಿ! ಮೋಟರ ಯಾರು ಚಾಲೂ ಮಾಡ್ಯಾರು?"

ಲಗಮಣ್ಣ ಕಂಬಳಿ ಎಳೆದುಕೊಂಡು ಬರಿಗಾಲಲ್ಲಿ ಓಡಿಬಂದ.

"ಮಿಸ್ತ್ರಿ, ಮೋಟರ ಹೆಂಗ ಹತ್ತಿತು?"

"ಆಟೋಕ್ಕ ಇಟ್ಟೇನಿ. ನಿಮಗ ಥಂಡ್ಯಾಗ ಏಳೂದು ತಪ್ಪಲಿ ಅಂತ."

"ತಂಗಿ ಎಲ್ಲಿ?"

"ಹಕ್ಕಿ ನೋಡಾಕ ಹೋಗ್ಯಾಳ. ಯಾಕ?"

"ಯಾವ ದಾರಿಲೆ ಹೋದ್ಳು? ಮಿಸ್ತ್ರಿ, ಹಂದಿಗೆ ತಂತಿ ಎಳದೇನ್ರಿ. ಮಡ್ಡಿ ಅಂಚಿಗೆ. ಮೋಟರ ಕೇಬಲ್ಲಿಗೆ ಕೊಂಡಿ ಹಾಕೇನಿ. ಬಂದ್ ಇತ್ತಲ್ಲ ಅಂತ ಬಿಚ್ಚಲಿಲ್ಲ..."

ಮುಂದಿನದು ಮೈನೋದ್ದೀನನಿಗೆ ಹೇಳಬೇಕಾಗಿರಲಿಲ್ಲ. ಅದು ಅವನ ಕಸುಬಿನ ಮಾತು. ಎಷ್ಟು ಕರೆಂಟು, ಎಂಥ ತಂತಿ, ಇಬ್ಬನಿಯಲ್ಲಿ ನೆನೆದ ಬಟ್ಟೆ ಎಂದರೆ ಏನು, ಎಲ್ಲ ಅವನಿಗೆ ಗೊತ್ತಿತ್ತು.

"ಓಡು," ಎಂದ. ಲಗಮಣ್ಣನ ಹೆಗಲು ಹಿಡಿದು ನೂಕಿದ. "ಓಡು! ಡಬ್ಬಿ ಬಂದ್ ಮಾಡು!"

ಲಗಮಣ್ಣ ಹಳ್ಳದ ಕಡೆ ಓಡಿದ. ಹಳ್ಳ ಹೊಲದ ಇನ್ನೊಂದು ತುದಿಗೆ, ಇಳಿಜಾರಿನ ಕೆಳಗೆ. ಮೈನೋದ್ದೀನ ಮಗಳ ಫೋನಿಗೆ ಕರೆ ಮಾಡಿದ. ಅದು ಡೇರೆಯೊಳಗೆ, ಅವಳ ದುಪ್ಪಟಿಯ ಅಡಿಯಲ್ಲಿ ಹಾಡತೊಡಗಿತು. ಹಕ್ಕಿಗೆ ತೊಂದರೆಯಾಗಬಾರದೆಂದು ಬಿಟ್ಟು ಹೋಗಿದ್ದಳು.

ಡೇರೆಯಿಂದ ಮಡ್ಡಿಗೆ ಎರಡು ದಾರಿ: ಸುತ್ತಿನ ಬಂಡಿದಾರಿ, ಹತ್ತಿರದ ಬದು. ಬಂಡಿದಾರಿಯ ಹುಲ್ಲಿನ ಮೇಲೆ ಇಬ್ಬನಿ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಕೂತಿತ್ತು, ಒಂದು ಹೆಜ್ಜೆಯೂ ಇರಲಿಲ್ಲ. ಗೋವಿನಜೋಳದ ಬದುವಿನ ಮೇಲೆ ಮಾತ್ರ ಇಬ್ಬನಿ ಒರೆಸಿಹೋಗಿ ಕಪ್ಪನೆಯ ಕಾಲುಜಾಡು ನೆಟ್ಟಗೆ ಮಂಜಿನೊಳಗೆ ಹೊಕ್ಕಿತ್ತು.

ಅವನು ಆ ಜಾಡು ಹಿಡಿದು ನಡೆದ. ಓಡಬೇಕೆನಿಸಿದರೂ ಓಡಲಾಗಲಿಲ್ಲ, ತಂತಿ ಎಲ್ಲಿದೆಯೋ ತಿಳಿಯದು. ಪ್ರತಿ ಹೆಜ್ಜೆಗೂ ಮುಂದಿನ ಮಂಜಿನಲ್ಲಿ ಏನೋ ಬಿದ್ದಿರುವಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಕಲ್ಲು. ಇನ್ನೊಂದು ಹತ್ತಿರ ಹೋದರೆ ಕೊಯ್ದಿಟ್ಟ ಮೇವಿನ ಸಿವುಡು. ಅದರ ಮೇಲೆ ಹೊದೆಸಿದ್ದ ಹಸಿರು ಸೀರೆಯ ತುಂಡನ್ನು ಕಂಡು ಅದನ್ನು ಎಳೆದೇ ನೋಡಿದ. ಅಫ್ರೀನ ಹಸಿರು ಓಢಣಿ ಹೊದ್ದಿದ್ದಳೋ ಇಲ್ಲವೋ ನೆನಪಾಗಲಿಲ್ಲ. ಮುಂದೆ ನಡೆದ.

ಬದು ಮುಗಿದಲ್ಲಿ ತಂತಿ ಕಾಣಿಸುವ ಮೊದಲೇ ಕೇಳಿಸಿತು. ಚಿಟಿಚಿಟಿ. ನೆನೆದ ಹುಲ್ಲಿನ ಗರಿಗಳು ತಂತಿಗೆ ತಾಗಿ ಸುಡುತ್ತಿದ್ದವು. ಮೊಳಕಾಲೆತ್ತರಕ್ಕೆ, ಗೂಟದಿಂದ ಗೂಟಕ್ಕೆ, ಹುಲ್ಲಿನದೇ ಬಣ್ಣದ ತುಕ್ಕು ತಂತಿ.

ಕಾಲುಜಾಡು ಅಲ್ಲಿ ನಿಂತಿರಲಿಲ್ಲ. ತಂತಿ ದಾಟಿ ಮಡ್ಡಿಯ ಹುಲ್ಲಿನಲ್ಲಿ ಮುಂದೆ ಹೋಗಿತ್ತು. ಕರೆಂಟ್ ಬರುವ ಮೊದಲೇ ದಾಟಿದ್ದಾಳೆ. ಮೈನೋದ್ದೀನನ ಬಾಯಿಂದ ಅಲ್ಲಾಹನ ಹೆಸರು ಬಂತು. ಆದರೆ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ಇನ್ನೊಂದು ಹೊಳೆಯಿತು: ಹೋದವಳು ಬರಬೇಕಲ್ಲ. ಬಂದ ಜಾಡಿನಲ್ಲೇ ಬರುತ್ತಾಳೆ.

ಸೂರ್ಯ ಏರುತ್ತಿದ್ದ ಹಾಗೆ ಮಂಜು ತೆಳ್ಳಗಾಯಿತು. ಒಂದು ಕೂಗಳತೆಯ ಆಚೆ, ಕಲ್ಲಿನ ಬುಡದಲ್ಲಿ ಅಫ್ರೀನ ಕೂತಿದ್ದಳು. ಅವಳ ಮುಂದಿನ ಹುಲ್ಲಿನಿಂದ ಸೆಳೆವವೊಂದು ಎದ್ದಿತು. ಹಿಂದೆಯೇ ಇನ್ನೊಂದು, ಆಮೇಲೆ ಹಿಂಡೇ ಎದ್ದು ಅವಳ ತಲೆಯ ಮೇಲಿಂದ ತೇಲಿಹೋಯಿತು. ಇದನ್ನು ನೋಡಲೆಂದೇ ಅವರು ಮೂರು ತಾಲೂಕು ಸುತ್ತಿ ಬಂದಿದ್ದರು. ಮೈನೋದ್ದೀನ ಹಕ್ಕಿಗಳನ್ನು ನೋಡಲಿಲ್ಲ. ಮಗಳು ಎದ್ದು ನಿಂತು ಬಟ್ಟೆಯ ಹುಲ್ಲು ಕೊಡವಿ, ದುರ್ಬೀನು ಕೊರಳಿಗೆ ಹಾಕಿ, ಈ ಕಡೆ ತಿರುಗಿದ್ದನ್ನು ನೋಡಿದ.

ಕೂಗಲು ಬಾಯಿ ತೆರೆದ. ತಡೆದ. ಇಷ್ಟು ದೂರಕ್ಕೆ ಕೂಗು ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ಹೊಲದಲ್ಲಿ ಯಾರಾದರೂ ಒದರಿದರೆಂದರೆ ಕರೆದರೆಂದೇ ಅರ್ಥ. ಮೇಲಾಗಿ ಅವನೇ ಅವಳಿಗೆ ಕಲಿಸಿದ್ದ: ತೋಳ, ಹಂದಿ ಓಡಾಡುವ ಜಾಗ, ನಾ ಒದರಿದ್ನೆಂದ್ರ ಎಲ್ಲಾ ಬಿಟ್ಟು ಸೀದಾ ನನ್ನ ಕಡಿ ಓಡಿ ಬರಬೇಕು ಅಂತ. ಕೂಗಿದರೆ ಓಡಿ ಬರುತ್ತಾಳೆ. ಕೂಗದಿದ್ದರೆ ನಡೆದು ಬರುತ್ತಾಳೆ. ಚೀಲದಲ್ಲಿ ತಂತಿ ಕತ್ತರಿಸುವ ಪಕ್ಕಡ ಇತ್ತು, ಚೀಲ ಡೇರೆಯಲ್ಲಿತ್ತು. ತರಲು ಹೋದರೆ ಅಷ್ಟರೊಳಗೆ ಅವಳು ಇಲ್ಲಿಗೆ ಬಂದಿರುತ್ತಾಳೆ.

ಅವಳು ಅಪ್ಪನನ್ನು ಕಂಡು ಕೈ ಬೀಸಿದಳು. ಹೆಜ್ಜೆ ಚುರುಕಾಯಿತು.

ಮೈನೋದ್ದೀನ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಬಲಗೈ ಮುಂದೆ ಚಾಚಿ, ಅಂಗೈಯನ್ನು ನೆಲಕ್ಕೆ ಒತ್ತುವಂತೆ ಮೆಲ್ಲಗೆ ಕೆಳಗಿಳಿಸಿದ. ಹಕ್ಕಿ ನೋಡುವವರಲ್ಲಿ ಅದೊಂದು ರೂಢಿ. ಹತ್ತಿರದಲ್ಲೇ ಹಕ್ಕಿ ಕೂತಿದೆ, ಇದ್ದಲ್ಲೇ ಕೂಡು, ಅಲುಗಬೇಡ.

ಅಫ್ರೀನ ಅಲ್ಲೇ ಕೂತಳು.

ಚಾಚಿದ ಕೈಯನ್ನು ಅವನು ಹಿಂದೆ ತೆಗೆಯಲಿಲ್ಲ. ಹಿಂದೆ ಹೌದಿಗೆ ನೀರು ಬೀಳುವ ಸಪ್ಪಳ ನಿಂತಿರಲಿಲ್ಲ. ಲಗಮಣ್ಣ ಎಲ್ಲಿ ಹಾಳಾದ? ಜಾರಿ ಬಿದ್ದನೋ? ಗಾಬರಿಯಲ್ಲಿ ಡಬ್ಬಿ ಬಿಟ್ಟು ಕೊಂಡಿಗೇ ಕೈ ಹಾಕಿದನೋ?

ಅಫ್ರೀನ ದುರ್ಬೀನು ಎತ್ತಿ ಹುಲ್ಲನ್ನೆಲ್ಲ ಹುಡುಕಿದಳು. ಏನೂ ಸಿಗದೆ, ಕೂತಲ್ಲಿಂದಲೇ ಕಾಲು ಸರಿಸುತ್ತ ಮುಂದಕ್ಕೆ ಬರತೊಡಗಿದಳು. ಸಪ್ಪಳವಿಲ್ಲದೆ ಹಕ್ಕಿಯ ಹತ್ತಿರ ಸರಿಯುವುದರಲ್ಲಿ ಅವಳು ಅಪ್ಪನಿಗಿಂತ ಜಾಣೆ. ಅವನು ಮತ್ತೆ ಅಂಗೈ ಒತ್ತಿದ. ನಿಂತಳು. ಕಾದಳು. ಮತ್ತೆ ಸರಿದಳು. ಈಗ ಅವಳ ಮುಖ ಕಾಣುತ್ತಿತ್ತು, ಕಣ್ಣಲ್ಲಿ ನಗು. ಮಾತು ಮುಟ್ಟುವಷ್ಟು ಹತ್ತಿರ. ಅವಳು ಮುಂದಿನ ಹುಲ್ಲು ಸರಿಸಲು ಕೈ ಚಾಚಿದಳು.

"ತಂತಿ," ಎಂದ. ಉಸಿರಿನಷ್ಟೇ ದನಿ. "ಬೇಟಾ, ತಂತಿ. ಕರೆಂಟ್ ಐತಿ."

ಕೈ ಗಾಳಿಯಲ್ಲೇ ನಿಂತಿತು. ಅವಳು ಕಣ್ಣಷ್ಟೇ ಕೆಳಗಿಳಿಸಿದಳು. ಬೆರಳ ತುದಿಯಿಂದ ಒಂದು ಗೇಣು ಆಚೆ ಹುಲ್ಲಿನ ಗರಿಯೊಂದು ಚಿಟ್ ಎಂದು ಕಪ್ಪಾಯಿತು. ಮೆಲ್ಲಗೆ, ಬಹಳ ಮೆಲ್ಲಗೆ ಕೈಯನ್ನು ಎದೆಗೆ ತೆಗೆದುಕೊಂಡಳು.

"ನಾ ಇದನ್ನ ದಾಟಿ ಹೋಗೀನಿ ಅಬ್ಬಾ."

"ಆವಾಗ ಸತ್ತಿತ್ತು."

"ಯಾರು ಹಚ್ಚಿದ್ರು?"

"ನಾನಽ."

ತಂತಿಯ ಆ ಕಡೆ ಮಗಳು, ಈ ಕಡೆ ಅಪ್ಪ, ಇಬ್ಬರೂ ಹಾಗೆಯೇ ಕೂತರು. ಅವಳ ಹಲ್ಲು ಕಟಕಟ ಅನ್ನುವುದು ಅವನಿಗೆ ಕೇಳುತ್ತಿತ್ತು.

ಆಮೇಲೆ ನೀರಿನ ಸಪ್ಪಳ ಸಣ್ಣದಾಗುತ್ತ ನಿಂತಿತು. ಚಿಟಿಚಿಟಿಯೂ ನಿಂತಿತು. ಹಳ್ಳದ ಕಡೆಯಿಂದ ಲಗಮಣ್ಣನ ಕೂಗು ಬಂತು. ಕೂಗಷ್ಟೇ, ಮಾತು ತಿಳಿಯಲಿಲ್ಲ. ಬಂದಾಯಿತು ಎಂದನೋ, ತಡೀರಿ ಎಂದನೋ.

"ನಿಂತೈತಿ ಅಬ್ಬಾ. ಬರ್ಲೇನು?"

"ತಡಿ."

ಮೋಟರ್ ನಿಂತಿರಬಹುದು. ಪಾಳಿಯ ಕರೆಂಟೇ ಹೋಗಿರಬಹುದು. ಹೋದದ್ದು ಮತ್ತೆ ಬರಬಹುದು. ಟೆಸ್ಟರ್ ಇರಲಿಲ್ಲ. ಇಲ್ಲದಾಗ ಹಳೆಯ ಮಿಸ್ತ್ರಿಗಳು ಬೆರಳಿನ ಹಿಂಬದಿ ತಾಗಿಸಿ ನೋಡುತ್ತಾರೆ. ಅಂಗೈಯಲ್ಲಿ ಹಿಡಿದರೆ ಮುಷ್ಟಿ ಬಿಗಿದುಕೊಳ್ಳುತ್ತದೆ, ಬಿಡಿಸಲಾಗದು. ಮೈನೋದ್ದೀನ ಕೈ ಮಗುಚಿದ.

"ಅಬ್ಬಾ, ಬ್ಯಾಡ. ಕಾಕಾ ಬರೂತನಕಾ ಕುಂಡ್ರೂಣು."

"ನೀ ಹಿಂದ ಸರಿ."

ಅವಳು ಸರಿದಳು. ಬೆರಳ ಗೆಣ್ಣು ತಂತಿಗೆ ತಾಗಿತು. ತಣ್ಣಗಿತ್ತು, ಒದ್ದೆಯಾಗಿತ್ತು, ಅಷ್ಟೇ. ಇನ್ನೊಮ್ಮೆ ತಾಗಿಸಿದ. ಆಮೇಲೆ ಎರಡೂ ಕೈಯಿಂದ ತಂತಿಯನ್ನು ಹಿಡಿದು ನೆಲದವರೆಗೆ ಒತ್ತಿದ. ಬಂದರೆ ಮೊದಲು ತನಗೇ ಬರಲಿ.

"ದಾಟು. ಓಢಣಿ ಎತ್ತಿ ಹಿಡಕೋ. ಲಗೂ."

ಅಫ್ರೀನ ದಾಟಿದಳು. ಅವಳ ಎರಡೂ ಕಾಲು ಬದುವಿನ ಮಣ್ಣಿನ ಮೇಲೆ ಊರಿದ್ದನ್ನು ನೋಡಿದ ಮೇಲೂ ಮೈನೋದ್ದೀನ ಏಳಲಿಲ್ಲ. ತಂತಿ ಅವನ ಮುಷ್ಟಿಯಲ್ಲೇ ಇತ್ತು. ಬಿಡಬೇಕೆಂದುಕೊಂಡ, ಬೆರಳು ಬಿಚ್ಚಲಿಲ್ಲ. ಮಗಳು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

"ಕರೆಂಟ್ ಇಲ್ಲ," ಎಂದ ಅವನು. "ಕರೆಂಟ್ ಇಲ್ಲ ಬೇಟಾ. ಕೈಯಽ ಬಿಡವೊಲ್ದು."

ಅವಳು ಅವನ ಮುಂದೆ ಮೊಳಕಾಲೂರಿ ಕೂತು, ಕಿರುಬೆರಳಿನಿಂದ ಶುರುಮಾಡಿ, ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.