ಕಾದಂಬರಿಯಲ್ಲಿ ಇಲ್ಲದ ಏಟು

ಕಿಟಕಿಯ ಚಿಲಕ ಕೂಡ ಹಾಗೇ ಸೊಟ್ಟಗಿದೆಯಲ್ಲ, ಅಬ್ಬಬ್ಬಾ, ಇದನ್ನು ಇವರಿಗೆ ಯಾರು ಹೇಳಿದರು, ಮತ್ತೆ ಯಾರು, ತಾನೇ ಬರೆದದ್ದು, ನಡುವೆ ಎಲ್ಲೋ ಒಂದೇ ಒಂದು ಸಾಲು, ಅದನ್ನೂ ಬಿಡದೆ ಓದಿ, ಬಡಿಗನನ್ನು ಹಿಡಿದು, ನೆಟ್ಟಗಿದ್ದ ಚಿಲಕವನ್ನು ಸೊಟ್ಟ ಮಾಡಿಸಿದ್ದಾರೆ ಪುಣ್ಯಾತ್ಮರು — ಗಂಗಾದೇವಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಬೆರಗಾದಳು, ಬೆಳಗಾವಿಯ ಸದಾಶಿವನಗರದ ತನ್ನ ಹಳೆಯ ಅಡುಗೆಮನೆಯನ್ನು ಶೂಟಿಂಗಿಗೆಂದು ಹಿಡಿದ ಖಾನಾಪುರದ ಈ ಬಾಡಿಗೆ ಮನೆಯೊಳಗೆ ಹಾಗೇ ಎತ್ತಿ ತಂದಿಟ್ಟಿದ್ದಾರೆ, ಅದೇ ಹಸಿರು ಡಬ್ಬಿಗಳು, ಅದೇ ಕರಿ ಕಟ್ಟೆ, ಒಲೆಯ ಮೇಲೆ ಹಂಚು, ಐವತ್ತಮೂರರ ಹೆಂಗಸೊಬ್ಬಳು ತನ್ನ ವಿಚ್ಛೇದನದ ಮೇಲೆ ಬರೆದ ಕಾದಂಬರಿಗೆ ಇಷ್ಟು ಜನ, ಇಷ್ಟು ದೀಪ, ಇಷ್ಟು ವೈರು! ಪಕ್ಕದಲ್ಲಿ ಮಗಳು ವರದಾ ಮೊಬೈಲ್ ಹಿಡಿದು ಫೋಟೋ ತೆಗೆದದ್ದೇ ತೆಗೆದದ್ದು, ಅವ್ವಾ, ನಮ್ಮ ಮನೀನ ಅಲ್ಲೇನ ಇದು, ಖರೇನ ಅಂಜಿಕಿ ಬರ್ತೈತಿ ನೋಡು. ಅಂಜಿಕೆ ತನಗೂ ಇದೆ, ಬೇರೆ ಕಾರಣಕ್ಕೆ. ನಿರ್ದೇಶಕ ಆಶಿಶ್ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ, ಮೇಡಮ್ಮರ, ಗಂಡಾ ಹೆಂಡ್ತಿ ಯಾಕ ಬ್ಯಾರೆ ಆದ್ರು ಅಂತ ನಿಮ್ಮ ಕಾದಂಬರಿಯೊಳಗ ಎಲ್ಲೂ ಇಲ್ಲ, ಓದೋರು ತಾಳ್ಕೋತಾರ, ಟೀವಿ ನೋಡೋರು ತಾಳ್ಕೊಳ್ಳಂಗಿಲ್ರಿ, ಅದಕ್ಕ ಒಂದು ಏಟು ಹಾಕೀವಿ, ಗಂಡ ಹೊಡೀತಾನ, ಆಕಿ ಮನಿ ಬಿಡ್ತಾಳ, ನೀವು ಹೂಂ ಅಂದ್ರ ಇವತ್ತ ತಗೊಂಡುಬಿಡ್ತೇನಿ. ಅವಳು ಒಲೆಯ ಮೇಲಿನ ಹಂಚನ್ನೇ ನೋಡಿದಳು. ವರದಾನೇ ಮೊಬೈಲ್ ಕೆಳಗಿಳಿಸಿ ಸಣ್ಣ ದನಿಯಲ್ಲಿ ಹೇಳಿಬಿಟ್ಟಳು, ಹಾಕ್ರಿ, ನಡದದ್ದ ಐತಿ ಅದು.

ನಡದದ್ದ ಐತಿ — ಈ ಮಾತು ಹುಡುಗಿಗೆ ಎಲ್ಲಿಂದ ಬಂತು, ತನ್ನ ಬಾಯಿಂದ ಬರಲಿಲ್ಲ, ತಾನು ಬಾಯಿ ಮುಚ್ಚಿಕೊಂಡದ್ದರಿಂದ ಬಂತು, ಹನ್ನೊಂದು ವರ್ಷದ ಹಿಂದೆ, ಆಗ ಹದಿನೈದು ಅವಳಿಗೆ, ಎರಡು ಜಡೆ, ಶಾಲೆಗೆ ಹೊರಟವಳು ಬಾಗಿಲಲ್ಲೇ ನಿಂತು, ಅವ್ವಾ, ಸಪ್ಪಳ ಕೇಳೇನಿ ನಾ, ಬಾಬಾ ನಿನಗ ಹೊಡದ್ರೇನ, ಎಂದಿದ್ದಳು, ತಾನು ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಇಲ್ಲ ಎನ್ನಲಿಲ್ಲ, ಅಷ್ಟೇ ಸಾಕಾಯಿತು, ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು — ಹನ್ನೊಂದು ವರ್ಷ, ನಾಚಿಕೆಗೇಡು! ಅವಳ ಮದುವೆಗೆ ಕೃಷ್ಣಾಜಿ ಬಂದು ಕೊನೆಯ ಸಾಲಿನಲ್ಲಿ ಕೂತು, ಅಕ್ಷತೆ ಹಾಕಿ, ಊಟವನ್ನೂ ಮಾಡದೆ ಜಾಂಬೋಟಿಯ ಬಸ್ಸು ಹತ್ತಿದ್ದರು, ಹೆತ್ತ ಅಪ್ಪ, ಹೋಳಿಗೆಯ ವಾಸನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋದರು. ಮರಾಠಿ ಸಾಲಿ ಕಲಿತವರು, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು, ನಾಲ್ಕು ತಿಂಗಳು ಹಿಡಿದು ಕಾದಂಬರಿ ಮುಗಿಸಿ ಫೋನು ಮಾಡಿದ್ದರು, ಗಂಗಾ, ಓದಿದೆ, ಚಲೋ ಬರದೀ, ಎಲ್ಲಾ ಇದ್ದಂಗ ಐತಿ. ಎಲ್ಲಾ ಇದ್ದಂಗ! ಒಂದನ್ನ ಯಾಕ ಬಿಟ್ಟೀ ಎಂದು ಕೇಳಲಿಲ್ಲ ಆ ಮನುಷ್ಯ, ತಾನು ಫೋನು ಹಿಡಿದು ಕಾದೇ ಕಾದಳು, ಮೈ ಹುಷಾರ್ ನೋಡ್ಕೊ ಎಂದು ಇಟ್ಟುಬಿಟ್ಟರು.

ಸೈಲೆನ್ಸ್, ರಿಹರ್ಸಲ್ — ಆಶಿಶನ ಕೂಗು, ನಟಿ ಸೃಷ್ಟಿ ಕಟ್ಟೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಬೆಳಗಿನಿಂದ ತಾನೇ ಕಲಿಸಿದ್ದು, ಪಾಪ, ಮೈಸೂರಿನ ಕೈ, ಜೋಳದ ಹಿಟ್ಟು ಒಂದು ಕಡೆ ಸೀಳಿದರೆ ಇನ್ನೊಂದು ಕಡೆ ಕೂಡುವುದಿಲ್ಲ, ಆದರೂ ಆ ಬೆನ್ನು, ಬೆವರು, ಕೂದಲನ್ನು ಮೊಣಕೈಯಿಂದ ಸರಿಸುವ ಬಗೆ — ಇವಳು ತಾನೇ, ನಲವತ್ತೆರಡರ ತಾನು. ಗಂಡನ ಪಾತ್ರದ ಗೌರೀಶ ಕೈ ಎತ್ತಿಕೊಂಡು ನುಗ್ಗಿದ, ಲೆಕ್ಕಕ್ಕಿಂತ ಮೊದಲೇ ನುಗ್ಗಿದನೋ ಏನೋ, ಸೃಷ್ಟಿ ಬೆಚ್ಚಿ ತಡೆಯಲು ಹೋದಳು, ಹಿಟ್ಟಿನ ಕೈ ಅವನ ಕೆನ್ನೆಗೇ ಬಡಿಯಿತು, ಫಟ್! ಎಲ್ಲರೂ ಗೊಳ್ಳೆಂದರು, ಸಾರಿ ಸರ್ ಸಾರಿ ಸರ್, ಅವನೂ ನಗುತ್ತಾ ತಿರುಗಿದ, ಎಡಗೆನ್ನೆಯ ಮೇಲೆ ಐದು ಬೆರಳು, ಬೆಳ್ಳಗೆ.

ಎಪ್ಪಾ ಶಿವನ. ಯಾರೂ ಬರೆಯದ್ದು, ಯಾರಿಗೂ ಹೇಳದ್ದು, ತಾನಾಗಿ ಬಂದು ನಿಂತಿದೆ ಕಣ್ಣ ಮುಂದೆ. ಆ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೇಳಿದ್ದಳು, ಈ ಮನಿಯಾಗ ನಾ ಇದ್ದೇನೋ ಇಲ್ಲೋ ಹೇಳ್ರಿ, ಒಂದು ಸಲ, ಎರಡು ಸಲ, ಮೂರನೆಯ ಸಲ ಕೇಳಿದಾಗ ಕೃಷ್ಣಾಜಿ ಪೇಪರಿನ ಪುಟ ತಿರುವಿದರು, ಅಷ್ಟೇ, ಪುಟ ತಿರುವಿದ್ದಕ್ಕೆ ತನ್ನ ಕೈ ಎದ್ದಿತು, ಹದಿನೇಳು ವರ್ಷದ ಸಂಸಾರದ ಸಿಟ್ಟೆಲ್ಲ ಆ ಒಂದು ಕೈಯಲ್ಲಿ. ಅವರು ಕೆನ್ನೆ ಮುಟ್ಟಿಯೂ ನೋಡಿಕೊಳ್ಳದೆ ಎದ್ದು ಹೊರಗೆ ಹೋದರು, ಗೇಟಿನಲ್ಲಿ ನೆರೆಮನೆಯ ಕುಂದಾ ವಹಿನಿ, ಅಯ್ಯ, ಇದೇನ್ರಿ ಗಲ್ಲಕ್ಕ ಹಿಟ್ಟು, ಕಿಟಕಿಯ ಒಳಗೆ ತಾನು ಉಸಿರು ಹಿಡಿದು ನಿಂತಿದ್ದಳು, ಆತು, ಮಾನ ಹೋತು — ಇವತ್ತ ಭಾಕರಿ ನಾ ಬಡದೇನ್ರಿ ವಹಿನಿ, ಬರಂಗಿಲ್ಲ ನನಗ, ಮುಖಕ್ಕೆಲ್ಲಾ ಹತ್ತೇತಿ, ಎಂದು ಕೃಷ್ಣಾಜಿ ನಕ್ಕರು, ನಕ್ಕರಲ್ಲ! ಯಾವ ಮೌನಕ್ಕೆ ರೋಸಿ ಹೊಡೆದಿದ್ದಳೋ ಅದೇ ಮೌನ ತನ್ನನ್ನು ಕಾಯಿತು, ವಕೀಲರ ಮುಂದೆ, ಕೋರ್ಟಿನಲ್ಲಿ, ಮಗಳ ಮದುವೆಯಲ್ಲಿ, ಎಂಥ ಮನುಷ್ಯನೋ ಮಾರಾಯಾ, ಸಂಸಾರಕ್ಕೆ ಸಾಲದವನು ಇಷ್ಟು ದೊಡ್ಡವನು ಹೇಗಾದ.

ಟೇಕ್ ಹೋಗೂಣೇನ್ರಿ ಮೇಡಮ್ಮರ, ಎಂದ ಆಶಿಶ್, ಅವಳು ಎದ್ದು ನಿಂತಿದ್ದಳು, ಬ್ಯಾಡ್ರಿ, ಅವರು ಹೊಡದಿಲ್ಲ, ಹೊಡದಾಕಿ ನಾನು, ಖರೇ ಹೇಳಾಕತ್ತೇನಿ. ವರದಾಳ ಮೊಬೈಲ್ ಮಡಿಲಿಗೆ ಜಾರಿತು, ಮತ್ತ ಬಾಬಾ ಯಾಕ ಹೇಳಲಿಲ್ಲವ್ವಾ, ನಾ ಮಾತು ಬಿಟ್ಟಾಗಾದ್ರೂ ಹೇಳಬಹುದಿತ್ತಲ್ಲ, ಯಾಕ ಹೇಳಲಿಲ್ಲ — ಯಾಕ, ಏನು ಹೇಳಲಿ ಇವಳಿಗೆ, ಗೇಟು, ಬಿಸಿಲು, ನಗುವ ಮುಖ, ಒರೆಸಿಕೊಳ್ಳಲಿಲ್ಲ ಅವರು, ಓಣಿಯ ತುದಿಯವರೆಗೂ ಒರೆಸಿಕೊಳ್ಳಲಿಲ್ಲ, ಐದು ಬೆರಳು, ಬೆಳ್ಳಗೆ, ಐದೂ ಬೆರಳು