ಗುಡ್ಡದ ಆಸ್ಪತ್ರೆಯ ಮುಯ್ಯಿ

ಮಗಳು ಮಾರೆನ್‌ಳ ಅಪೆಂಡಿಕ್ಸ್ ಒಡೆದದ್ದು ಮಾರ್ಚಿನಲ್ಲಿ. ಈಗ ಅವಳು ಬೇಲಿ ಹಾರುವಷ್ಟು ಗಟ್ಟಿಯಾಗಿದ್ದಾಳೆ. ಗುಡ್ಡದ ಮೇಲಿನ ಆಸ್ಪತ್ರೆಯ ಬಿಲ್ಲು ಮಾತ್ರ ನಮ್ಮ ಮನೆಯಿಂದ ಏಳಲೊಲ್ಲದು: ಮೂವತ್ತೊಂದು ಸಾವಿರ ಡಾಲರ್. ಗಂಡ ವೇಡ್ ಮರದ ಮಿಲ್ಲಿನಲ್ಲಿ ದುಡಿಯುತ್ತಾನೆ, ನಾನು ಶಾಲೆಯ ಬಸ್ಸು ಓಡಿಸುತ್ತೇನೆ. ಕಟ್ಟದಿದ್ದರೆ ವೇಡನ ಸಂಬಳದಲ್ಲೇ ಮುರಿದುಕೊಳ್ಳುತ್ತೇವೆ ಎಂದು ಆಸ್ಪತ್ರೆಯ ವಕೀಲರು ನೋಟಿಸು ಕಳಿಸಿದ್ದರು.

ಈ ಸೆಪ್ಟೆಂಬರಿನಿಂದ ನಮ್ಮ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ. ನಮ್ಮಷ್ಟು ವರಮಾನದವರ ಬಿಲ್ಲನ್ನು ಆಸ್ಪತ್ರೆ ಮನ್ನಾ ಮಾಡಲೇಬೇಕು. ಅರ್ಜಿ ತೀರ್ಮಾನವಾಗುವ ತನಕ ಸಂಬಳಕ್ಕೆ ಕೈ ಹಾಕುವಂತಿಲ್ಲ. ನಾನು ಅರ್ಜಿ ತುಂಬುತ್ತಿದ್ದಾಗ ಅತ್ತೆ ಲೋರ್ನಾ ಹಿಂದಿನಿಂದ ಇಣುಕಿದರು. ಆಸ್ಪತ್ರೆಯವರು ಕಾಗದದ ತಲೆಯ ಮೇಲೆ ‘ದಾನ ಚಿಕಿತ್ಸೆ’ ಎಂದು ಅಚ್ಚು ಹಾಕಿಸಿದ್ದರು.

“ದಾನಾನಾ? ಈ ಮನೇಲಿ ಯಾರೂ ಕೈ ಚಾಚಿಲ್ಲ ಕಣೇ ಕೊರಿನ್. ಬೀನ್ಸ್ ಊಟ ಇಡಿಸ್ತೀನಿ. ಬಂದದ್ದನ್ನ ಕಟ್ಟೋಣ.”

“ಊರೋರಿಗೆ ಊಟದ ಟಿಕೆಟ್ ಮಾರೋದು ಕೈ ಚಾಚಿದ ಹಾಗಲ್ವಾ ಅತ್ತೆ?”

“ಅದು ಮುಯ್ಯಿ. ಪಕ್ಕದ್ಮನೆ ಓಡೆಲ್‌ಗೆ ಹಾರ್ಟ್ ಅಟ್ಯಾಕ್ ಆದಾಗ ಅವನಿಗಂತ ಇಟ್ಟ ಊಟಕ್ಕೆ ರಾತ್ರಿಯೆಲ್ಲಾ ಕೂತು ಪೈ ಬೇಯಿಸಿ ಕೊಟ್ಟೋಳು ನಾನು. ಈಗ ಅವನು ಬಂದು ತಿಂತಾನೆ, ದುಡ್ಡು ಹಾಕ್ತಾನೆ. ದಾನ ಅಂದ್ರೆ ಬೇರೆ.”

ಅರ್ಜಿಯನ್ನು ಅವರಿಗೆ ಹೇಳದೆ ಅಂಚೆಗೆ ಹಾಕಿದೆ.

ಶನಿವಾರ ಸಂಜೆ ಫೈರ್ ಸ್ಟೇಷನ್ನಿನ ಬಂಡಿಗಳನ್ನು ಅಂಗಳಕ್ಕೆ ಹಾಕಿ, ಒಳಗೆ ಮೇಜು ಜೋಡಿಸಿದ್ದೆವು. ಬೆಲ್ಲದ ಪಾಕದಲ್ಲಿ ಬೆಂದ ಬೀನ್ಸ್, ಕಂದು ಬ್ರೆಡ್ಡು, ಕೋಸಿನ ಸಲಾಡು. ಊರಿಗೆ ಊರೇ ಬಂದಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಪ್ರಚಾರ ವಿಭಾಗದ ಸ್ಟ್ರೌಡ್ ಎಂಬಾತ ಆಳೆತ್ತರದ ರಟ್ಟಿನ ಚೆಕ್ಕು ಹೊತ್ತು ಬಂದ. ಹಿಂದೆ ಕ್ಯಾಮೆರಾ ಹಿಡಿದ ಹುಡುಗಿ.

“ನಮ್ಮ ಕಡೆಯಿಂದ ಐನೂರು ಡಾಲರ್,” ಎಂದ. ಜೇಬಿನಿಂದ ಒಂದು ಒಪ್ಪಂದ ತೆಗೆದ. “ಇವತ್ತು ಕೂಡಿದ್ದು ಮೊದಲ ಕಂತು. ಮಿಕ್ಕಿದ್ದು ತಿಂಗಳು ತಿಂಗಳು. ಸಹಿ ಮಾಡಿ, ವಕೀಲರನ್ನ ನಾನು ತಡೀತೀನಿ. ಒಂದು ಫೋಟೋ ತೆಗೆದುಬಿಡೋಣ.”

ಸಹಿ ಹಾಕಿದರೆ ಅಷ್ಟೂ ಸಾಲ ನಮ್ಮದೇ ಎಂದು ಒಪ್ಪಿಕೊಂಡ ಹಾಗೆ. ಅತ್ತೆ ಆಗಲೇ ಪೆನ್ನು ನನ್ನ ಕಡೆ ನೀಡಿದ್ದರು. ವೇಡ್ ತನ್ನ ಬೂಟು ನೋಡುತ್ತಿದ್ದ.

“ನನ್ನ ಅರ್ಜಿ ಏನಾಯ್ತು?” ಎಂದೆ.

“ಮೇಡಂ, ದಾನದ ನಿಧಿ ತೀರಾ ಕಷ್ಟದಲ್ಲಿರೋರಿಗೆ. ನಿಮ್ಮಂಥ ಸ್ವಾಭಿಮಾನಿಗಳು...”

“ಕಾನೂನಲ್ಲಿ ಸ್ವಾಭಿಮಾನದ ಮಾತಿಲ್ಲ. ಸಂಬಳದ ಮಾತಿದೆ.”

“ಅರ್ಜಿ ಹಾಕಿದ್ಯಾ?” ಅತ್ತೆಯ ಮುಖ ಕೆಂಪಾಯಿತು. “ಎಲ್ಲರೆದುರು ಮಾನ ಕಳೀಬೇಡ, ಸಹಿ ಹಾಕು.”

ನಾನು ಪೆನ್ನು ಹಿಡಿಯಲಿಲ್ಲ. “ಅತ್ತೆ, ನಿಮ್ಮ ಮನೆಗೆ ಕಂದಾಯ ಬರುತ್ತಲ್ಲ. ಗುಡ್ಡದ ಮೇಲಿನ ಅಷ್ಟು ದೊಡ್ಡ ಕಟ್ಟಡಕ್ಕೆ ಎಷ್ಟು ಬರುತ್ತೆ?”

ಪೈ ಮೇಜಿನಿಂದ ಓಡೆಲ್ ಕೂಗಿದ: “ಸೊನ್ನೆ! ಅವರ ಪಾಲೂ ನಾವೇ ಕಟ್ತಾ ಇದ್ದೀವಿ!”

“ಇಲ್ಲದೋರನ್ನ ನೋಡ್ಕೊಳ್ತೀವಿ ಅಂದಿದ್ದಕ್ಕೆ ಊರು ಕಂದಾಯ ಬಿಟ್ಟುಕೊಟ್ಟಿದೆ. ನೀವು ಹುಟ್ಟೋಕೂ ಮುಂಚಿಂದ ಈ ಊರು ಮುಯ್ಯಿ ಹಾಕ್ತಾನೇ ಇದೆ ಅತ್ತೆ. ಅವರು ಯಾವತ್ತು ತಿರುಗಿ ಹಾಕಿದ್ರು?”

ಅತ್ತೆ ಸ್ಟ್ರೌಡ್ ಕಡೆ ತಿರುಗಿದರು. “ಕಂದಾಯ ಕಟ್ಟಲ್ವಾ ನೀವು?”

“ನಮ್ಮದು ಸೇವಾ ಸಂಸ್ಥೆ ಅಮ್ಮಾ...”

“ಕಟ್ತೀರೋ ಇಲ್ವೋ?”

“ಇಲ್ಲ.”

“ನಮ್ಮ ಮುಯ್ಯಿ ತಿಂದು, ನನ್ನ ಮಗನ ಸಂಬಳಕ್ಕೂ ಬರ್ತೀರಾ?” ಪೆನ್ನನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡರು.

ಸ್ಟ್ರೌಡ್‌ನ ದನಿ ಗಟ್ಟಿಯಾಯಿತು. “ಅರ್ಜಿ ತಿರಸ್ಕಾರ ಆದ್ರೆ ಆಮೇಲೆ ಈ ಕಂತಿನ ಅವಕಾಶಾನೂ ಇರಲ್ಲ.”

ಈಗ ವೇಡ್ ತಲೆ ಎತ್ತಿದ. “ಆಗಲಿ. ಮೇಲ್ಮನವಿ ಹಾಕ್ತಾಳೆ. ದಿನಾ ಒಂದು ಬಸ್ಸು ತುಂಬ ಮಕ್ಕಳನ್ನ ಬಾಯಿ ಮುಚ್ಚಿ ಕೂರಿಸೋಳಿಗೆ ನೀವು ಯಾವ ಲೆಕ್ಕ ಸ್ವಾಮಿ?”

ಜನ ನಕ್ಕರು. ಸ್ಟ್ರೌಡ್ ಹೊರಟಾಗ ಚೆಕ್ಕು ಬಾಗಿಲಿಗೆ ಅಡ್ಡಡ್ಡ ಸಿಕ್ಕಿಕೊಂಡಿತು. ಓಡೆಲ್ ಎದ್ದು ಹೋಗಿ ಓರೆ ಮಾಡಿಕೊಟ್ಟ.

“ಇವತ್ತಿನ ದುಡ್ಡು ಆಸ್ಪತ್ರೆಗೆ ಹೋಗಲ್ಲ, ಬೇಕಾದೋರು ವಾಪಸ್ ತಗೊಳ್ಳಿ,” ಎಂದೆ. ದುಡ್ಡಿಗೆಂದು ಒಬ್ಬರೂ ಏಳಲಿಲ್ಲ. ಅಂಚೆ ಕಚೇರಿಯ ಆರ್ಡಿತ್ ಮಾತ್ರ ಹತ್ತಿರ ಬಂದು, “ನಮ್ಮನೆಯವರ ಬಿಲ್ಲಿಗೂ ಆ ಕಾನೂನು ಆಗುತ್ತೇನೇ?” ಎಂದು ಪಿಸುಗುಟ್ಟಿದಳು. ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು. ಆಮೇಲೆ ಇನ್ನಷ್ಟು ಜನ.

ಅತ್ತೆ ಒಂದು ಮೇಜು ಒರೆಸಿದರು. “ತಿಂದಾದೋರು ಏಳ್ರಪ್ಪಾ, ಜಾಗ ಬೇಕು. ಕೂತ್ಕೋ ಆರ್ಡಿತ್.” ನಾನು ಬ್ಯಾಗಿನಿಂದ ಖಾಲಿ ಅರ್ಜಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

“ಇದರ ಮೇಲೆ ದಾನ ಅಂತಿದೆಯಲ್ಲ ಲೋರ್ನಾ...”

“ಅವರಿಗೆ ಬರೆಯೋಕೆ ಬರಲ್ಲ ಬಿಡು. ನೀನು ಹೆಸರು ಹಾಕು.”

ಸೋಮವಾರ ಎಲ್ಲರ ಅರ್ಜಿ ಹಿಡಿದು ವೇಡನ ಟ್ರಕ್ಕಿನಲ್ಲಿ ಗುಡ್ಡ ಹತ್ತಿದೆವು. ಅತ್ತೆ ಚರ್ಚಿಗೆ ಹೋಗುವಾಗ ಹಾಕುವ ಕೋಟು ಹಾಕಿಕೊಂಡಿದ್ದರು. ಒಂದೊಂದಕ್ಕೂ ಮುದ್ರೆ ಬೀಳುವ ತನಕ ಕೌಂಟರಿನಿಂದ ಕದಲಲಿಲ್ಲ. ತೀರ್ಮಾನ ಇನ್ನೂ ಬಂದಿಲ್ಲ. ವೇಡನ ಸಂಬಳ ಈ ಸಲ ಇಡಿಯಾಗಿ ಕೈಗೆ ಬಂದಿದೆ. ನಾವು ಒಂದು ಡಾಲರೂ ಕಟ್ಟಿಲ್ಲ.