ತುತ್ತೂರಿಯವನ ಹುಬ್ಬು

ಬೆಳಗ್ಗೆ ಕೆತ್ತಿದ ಮೂಲಂಗಿ ಸಂಜೆಗೆ ಹಾಗೇ ಇರುವುದಿಲ್ಲ. ಬಿಳಿ ಹೋಗಿ ಕಂದಾಗುತ್ತದೆ, ಮೂಗು ಕುಸಿಯುತ್ತದೆ, ಕೆನ್ನೆ ಬತ್ತುತ್ತದೆ. ಅದಕ್ಕೇ ಪೆತ್ರೋನಾ ನೀರು ಚಿಮುಕಿಸುವ ಬಾಟಲಿಯನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ.

ವಹಾಕಾ ಊರಿನ ಚೌಕದಲ್ಲಿ ಕ್ರಿಸ್‌ಮಸ್ಸಿನ ಎರಡು ದಿನ ಮೊದಲು ಸೇರುವ ಮೂಲಂಗಿ ಸಂತೆ. ತಿನ್ನುವ ಮೂಲಂಗಿಯಲ್ಲ, ಒಳಗೆ ಬಿಳಿಯಿರುವ, ಮೊಳದುದ್ದದ ಕೆಂಪು ಗಡ್ಡೆಗಳು. ಅವುಗಳಲ್ಲಿ ಕೊರೆದ ದೇವರು, ಗೂಳಿ, ಚರ್ಚು ನೋಡಲು ಊರೂರಿನ ಜನ ಸಾಲುಗಟ್ಟಿ ಸಾಗುತ್ತಿದ್ದರು.

ಪೆತ್ರೋನಾಳ ಮೇಜಿನ ಮೇಲೆ ಪ್ರತಿ ವರ್ಷವೂ ಮದುವೆ ದಿಬ್ಬಣ. ದಿಬ್ಬಣದ ಮುಂದೆ ವಾದ್ಯದವರು. ಅವರಲ್ಲಿ ತುತ್ತೂರಿ ಊದುವವನ ಮುಖ ಮಾತ್ರ ಅವಳ ಮಗ ಲಿಸಾಂದ್ರೊನದು. ಬ್ಯಾಂಡಿನವರ ಜೊತೆ ಉತ್ತರದ ಕಡೆಯ ಮದುವೆಗೆಂದು ಹೋದ ಹುಡುಗ. ಆಮೇಲೆ ಅವರು ಹೋದ ಬಸ್ಸಿನ ಸುಳಿವೂ ಸಿಗಲಿಲ್ಲ, ಬ್ಯಾಂಡಿನವರ ಸುಳಿವೂ ಸಿಗಲಿಲ್ಲ. ಫೋಟೊಗಳನ್ನು ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಇಷ್ಟು ಜನ ದಾಟಿ ಹೋಗುವಾಗ ಯಾರಾದರೊಬ್ಬರು ಗುರುತು ಹಿಡಿದಾರು ಎಂದು ಅವಳು ಕೆತ್ತುತ್ತಿದ್ದಳು. ಈಗೀಗ ಅವಳಿಗೆ ನೆನಪಾಗುತ್ತಿದ್ದುದು ಮಗನ ಮುಖವಲ್ಲ, ಹೋದ ವರ್ಷದ ಮೂಲಂಗಿಯ ಮುಖ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈ ಸಲ ಚಾಕು ಜಾರಿ ತುತ್ತೂರಿಯವನ ಎಡಹುಬ್ಬಿನ ಮೇಲೆ ಕಚ್ಚು ಬಿದ್ದಿತ್ತು. ಬೇರೆ ಗಡ್ಡೆ ಉಳಿದಿರಲಿಲ್ಲ.

"ಅವನ ಮುಖ ಯಾರು ನೋಡ್ತಾರಕ್ಕಾ," ಎಂದ ತಮ್ಮ ನಾಬೋರ್. "ಎಲ್ಲಾ ಮದುಮಗಳ ಲಂಗ ನೋಡೋರೇ."

"ಬಾಯಿ ಮುಚ್ಕೊಂಡು ಹೂ ಜೋಡ್ಸು."

ಸಂಜೆ ದಪ್ಪನೆಯ ಹೆಂಗಸೊಬ್ಬಳು ಬೆರಳಿಗಂಟಿದ ಬೆಲ್ಲದ ಪಾಕ ನೆಕ್ಕುತ್ತ ಮೇಜಿನ ಮುಂದೆ ನಿಂತುಬಿಟ್ಟಳು.

"ಅಯ್ಯೋ! ಈ ತುತ್ತೂರಿಯವ್ನು ನಮ್ಮೂರವನಲ್ವಾ!"

ಪೆತ್ರೋನಾಳ ಕೈ ನಿಂತಿತು. "ಯಾವೂರು?"

"ತಪಚೂಲಾ. ಸಾವಿನ ಮನೇಲಿ ಊದ್ತಾನೆ. ನಮ್ಮ ಮಾವ ಸತ್ತಾಗ್ಲೂ ಬಂದಿದ್ದ."

"ಹೆಸರು?"

"ಹೆಸರು ಯಾರು ಕೇಳ್ತಾರೆ ತಾಯಿ? ಎಲ್ಲಿಂದಲೋ ಬಂದೋನು. ಹಿಂದಿಲ್ಲ ಮುಂದಿಲ್ಲ."

ನಾಬೋರ್ ಎದ್ದು ನಿಂತ. ಹಿಂದಿನಿಂದ ಯಾರೋ ಕೂಗಿದರು: "ಮುಂದೆ ನಡೀರೀ! ಮೂಲಂಗೀನೇ ಮದ್ವೆ ಆಗ್ತೀರೇನು?"

"ಇವನೇ ಅಂತ ಹೆಂಗೆ ಹೇಳ್ತೀರಿ?" ಪೆತ್ರೋನಾ ಕೇಳಿದಳು.

"ಹುಬ್ಬಿನ ಮೇಲೆ ಗಾಯ ಇದೆಯಲ್ಲ, ಎಡಗಡೆ. ಹಿಂಗೇ ಕಪ್ಪಗೆ. ಅದಕ್ಕೇ ತಟ್ಟಂತ ಗೊತ್ತಾಯ್ತು."

ಪೆತ್ರೋನಾ ಬಗ್ಗಿ ನೋಡಿದಳು. ಚಾಕುವಿನ ಕಚ್ಚು ಗಾಳಿಗೆ ಒಣಗಿ ಕಪ್ಪಾಗಿತ್ತು.

"ಗಾಯ ಆಮೇಲೆ ಆಗಿರ್ಬಹುದಲ್ಲಕ್ಕಾ," ನಾಬೋರ್ ಪಿಸುಗುಟ್ಟಿದ. ಹೌದಲ್ಲ ಎನಿಸಿತು ಅವಳಿಗೂ. ತಪಚೂಲಾಕ್ಕೆ ಹೋಗುವ ಬಸ್ಸಿನ ಹೊತ್ತು, ದಾರಿಗೆ ಕಟ್ಟಬೇಕಾದ ಬುತ್ತಿಯ ರೊಟ್ಟಿ, ಎಲ್ಲವೂ ಒಮ್ಮೆಲೇ ತಲೆಗೆ ನುಗ್ಗಿದವು.

"ವಯಸ್ಸೆಷ್ಟಿರ್ಬಹುದು?"

"ಅರವತ್ತು ದಾಟಿದೆ ಬಿಡಿ. ನೋಡಿ, ಥೇಟ್ ಇವನ ಹಾಗೇ ಒಣಗೋಗಿದಾನೆ. ಪಾಪ, ಹಲ್ಲೇ ಇಲ್ಲ, ಹೆಂಗೆ ಊದ್ತಾನೋ." ಸಾಲು ತಳ್ಳಿತು. ಹೆಂಗಸು ನಗುತ್ತಲೇ ಮುಂದಿನ ಮೇಜಿನ ಗೂಳಿಯ ಕಡೆಗೆ ಹೋದಳು.

ಲಿಸಾಂದ್ರೊಗೆ ಈಗ ಮೂವತ್ತೂ ಆಗಿರುವುದಿಲ್ಲ.

ಮಾತಿನಲ್ಲಿ ನೀರು ಹೊಡೆಯುವುದು ಮರೆತುಹೋಗಿತ್ತು. ತುತ್ತೂರಿಯವನ ಬಾಯಿ ಒಳಗೆ ಸೇದಿಕೊಂಡಿತ್ತು. ಸಾಲಿನಲ್ಲಿದ್ದ ಗಂಡಸೊಬ್ಬ ಬೆರಳು ತೋರಿಸಿದ: "ಮದ್ವೇಲಿ ಈ ಮುದುಕ ಯಾರಮ್ಮಾ?"

ಪೆತ್ರೋನಾ ಆ ಮುಖವನ್ನು ನೋಡಿದಳು. ಬೆಳಗ್ಗೆ ಅದು ಹೇಗಿತ್ತೆಂದು ನೆನೆಯಲು ನೋಡಿದಳು. ಬರಲಿಲ್ಲ.

"ಗೊತ್ತಿಲ್ಲ," ಅಂದಳು.

ನಾಬೋರ್ ಬಾಟಲಿ ಕಿತ್ತುಕೊಂಡು ತುತ್ತೂರಿಯವನ ಮೇಲೆ ಹಿಡಿದ. ಅವಳು ಅವನ ಕೈಯನ್ನು ಆಚೆ ತಿರುಗಿಸಿದಳು.

"ಅವನಿಗೆ ಬೇಡ. ಮದುಮಗಳಿಗೆ ಹೊಡಿ."